ಪಕೀರಪ್ಪನ ಕೈಯಾಗಿನ ಕೊಡ್ಲಿ

ಸಿಂಧನೂರು
ಗುರುವಾರ, 28 ಜುಲೈ 1994

ಇವತ್ತೂ ಖಾಜಾಸಾಬನ ಹೋಟೆಲಿನ ವಗ್ಗರಣಿ-ಮಿರ್ಚಿಯೇ ಗತಿ. ಮಾರ್ಕೆಟ್ಟಿನಲ್ಲಿ ಎಳೆ ಬದನೆಕಾಯಿ ನೋಡಿ ಆಸೆಯಾಯಿತು, ತರಲಿಲ್ಲ. ತಂದು ಏನು ಮಾಡಲಿ, ಹೆಚ್ಚಬೇಕಲ್ಲ. ಈಳಗಿ ಗೂಟಕ್ಕೆ ಹಂಗೇ ತೂಗಾಡಾಕತ್ತೈತಿ, ಪಾರ್ವತಿ ಕಟ್ಟಿದ ಅರಿಶಿಣದ ಬಟ್ಟೆಯ ಸಮೇತ.

ಅದು ಆಕೆಯ ತವರು ಕರೇದಿನ್ನಿಯವರ ಪದ್ಧತಿ. ಆಷಾಢದಲ್ಲಿ ದ್ಯಾವಮ್ಮನ ವಾರ ಅಂತ ಮಂಗಳವಾರ ಹಿಡಿಯುತ್ತಾರೆ. ಸೋಮವಾರ ಸಂಜೆ ಕಬ್ಬಿಣದ ಸಾಮಾನಿಗೆಲ್ಲ ಬಟ್ಟೆ ಕಟ್ಟಿಟ್ಟರೆ ಬುಧವಾರ ಬೆಳಿಗ್ಗೆ ಬಿಚ್ಚುವ ತನಕ ಯಾರೂ ಮುಟ್ಟಂಗಿಲ್ಲ. ಹೆಚ್ಚಂಗಿಲ್ಲ, ಕೊಯ್ಯಂಗಿಲ್ಲ, ರೊಟ್ಟಿ ಬಡಿಯಂಗಿಲ್ಲ, ಎತ್ತು ಹೂಡಂಗಿಲ್ಲ. ಕಟ್ಟಿದ ಕೈಯೇ ಬಿಚ್ಚಬೇಕು. ಮದುವೆಯಾಗಿ ಸಿಂಧನೂರಿಗೆ ಬಂದು ತಲೆ ನೆರೆತರೂ ಪಾರ್ವತಿ ಅದನ್ನು ಬಿಡಲಿಲ್ಲ. ನಾನು 'ಬ್ಲೈಂಡ್ ಬಿಲೀಫ್' ಅಂತ ಇಂಗ್ಲಿಷಿನಲ್ಲಿ ಬೈಯುತ್ತಿದ್ದೆ. "ನಾಳೆ ರೊಟ್ಟಿ ಇಲ್ರಿ, ಅದs ಇಂಗ್ಲಿಷ್ ತಿಂದು ಮಲಕೋರಿ" ಅನ್ನುತ್ತಿದ್ದಳು. ಹೋದ ವರ್ಷ ಒಂದು ಸೋಮವಾರ ಕಟ್ಟಿದಳು. ಬುಧವಾರಕ್ಕೆ ಆಕೆಯೇ ಇರಲಿಲ್ಲ. ಈಗ ಬಿಚ್ಚೋರು ಯಾರು? ಇರಲಿ.

ಬರೆಯಬೇಕೆಂದಿದ್ದು ಬೇರೆ. ಖಾಜಾಸಾಬ್ ಪೇಪರ್ ಓದಿಸಿಕೊಂಡ. ಮಂಗಳವಾರ ಅದೇ ಕರೇದಿನ್ನಿಯ ಕಾಲುವೆ ತೂಬಿನ ಹತ್ತಿರ ಗೋಲಿಬಾರ್ ಆಗಿದೆ. ಸತ್ತವನು ಪಕೀರಪ್ಪ. ಅಂದರೆ ಪಾರ್ವತಿಯ ಅಣ್ಣನ ಮಗಳು ಗ್ಯಾನಮ್ಮನ ಗಂಡ. ಕೊಡಲಿ ಎತ್ತಿಕೊಂಡು ಇನ್‌ಸ್ಪೆಕ್ಟರ್ ಸಾಹೇಬರ ಮೇಲೆ ಏರಿ ಹೋಗಿದ್ದನಂತೆ. ಸಾಹೇಬರು ಸುಮ್ಮನೆ ಹೊಡೆಯುತ್ತಾರೆಯೇ? ಏನೋ ಆಗಿರಬೇಕು. ಮಣ್ಣಿಗೆ ಹೋಗಬೇಕಿತ್ತು, ಹೋಗಲಿಲ್ಲ. ಮೊಣಕಾಲು ನೋವು. ಮೇಲಾಗಿ ಪೊಲೀಸ್ ಬಂದೋಬಸ್ತ್ ಇದೆಯಂತೆ.

ಭಾನುವಾರ, 31 ಜುಲೈ

ಗ್ಯಾನಮ್ಮ ಬಂದಿದ್ದಳು. ಹಣೆ ಬರಿದಾಗಿದ್ದು ನೋಡಿ ಏನು ಮಾತಾಡಬೇಕೋ ತಿಳಿಯದೆ, "ಮೊದ್ಲು ನೀರು ಕುಡಿ ಬೇ" ಅಂದೆ.

"ನೀರಿಗಾಗೇ ಹ್ವಾದ ಮಾವ ನನ್ನ ಗಂಡ" ಅಂದಳು. ತಂಬಿಗೆ ಕೈಯಲ್ಲೇ ಉಳಿಯಿತು.

ಅವರದು ಕಾಲುವೆಯ ಕಟ್ಟಕಡೆಯ ಊರು. ಜವಳಗೇರಾ ಕಡೆ ಗದ್ದೆಯಲ್ಲಿ ನೀರು ನಿಂತು ಕಪ್ಪೆ ಕೂಗಿದರೂ ಟೇಲೆಂಡಿನ ಇವರಿಗೆ ಸಸಿಮಡಿಗೂ ನೀರಿಲ್ಲ. ವಾರದ ದಿನ ಹೊಲದ ಕೆಲಸ ಇರುವುದಿಲ್ಲ, ಅದಕ್ಕೇ ಗಂಡಸರೆಲ್ಲ ಬರಿಗೈಯಲ್ಲಿ ಹೋಗಿ ತೂಬಿನ ಹತ್ತಿರ ಕೂತಿದ್ದರು, ಎಂಜಿನಿಯರ್ ಬರಲಿ ಅಂತ. ವ್ಯಾನು ಬಂತು. ಕೂಗಲಿಲ್ಲ, ಏಳಿ ಅನ್ನಲಿಲ್ಲ. ಎದ್ದು ಓಡುವವನ ಬೆನ್ನಿಗೆ ಗುಂಡು ಬಿತ್ತು. ಈಗ ಪಕೀರಪ್ಪನ ತಮ್ಮ ಆದಪ್ಪನನ್ನೂ ಒಳಗೆ ಹಾಕಿದ್ದಾರೆ, ಅಣ್ಣನ ಜೊತೆ ಸೇರಿ ಸಾಹೇಬರನ್ನು ಕೊಲ್ಲಲು ಬಂದಿದ್ದ ಅಂತ.

"ವಾರದ ದಿನ ಕೊಡ್ಲಿ ಎಲ್ಲಿಂದ ಬರ್ತೈತಿ ಮಾವ? ಊರ ಕಬ್ಬಿಣೆಲ್ಲ ದ್ಯಾವಮ್ಮನ ಕಟ್ಟಿ ಮ್ಯಾಲಿತ್ತು. ಬುಧವಾರ ಪೂಜಾರಿ ಗದ್ದೆಮ್ಮ ಬಿಚ್ಚಾಕ ಹೋದ್ರ ಎಲ್ಲಾರ್ದೂ ಐತಿ, ನಮ್ಮ ಕೊಡ್ಲಿ ಇಲ್ಲ. ಹಿಂದಿನ ದಿನ ಊರು ಜಾಲಾಡಾಕ ಬಂದವ್ರು ಒಯ್ದಾರ."

"ಹೇಳಿದ್ರ ಯಾರು ನಂಬ್ತಾರ ಗ್ಯಾನವ್ವ? ನಮಗ ಪೊಲೀಸರ ಸಹವಾಸ ಬ್ಯಾಡ."

"ಸಹವಾಸ ನಾವು ಮಾಡಿಲ್ರಿ, ಅವರs ಬಂದಾರ." ಸೆರಗು ಬಿಗಿದುಕೊಂಡಳು. "ಸತ್ತಾಂವನ್ನ ಎಬ್ಬಿಸ್ರಿ ಅನ್ನಂಗಿಲ್ಲ ನಾ. ಅವನ ಕೈಯಾಗಿನ ಕೊಡ್ಲಿ ಬಿಡಸ್ರಿ. ಅಷ್ಟು ಮಾಡ್ರಿ."

ಲಿಂಗಸುಗೂರಿನ ಎ.ಸಿ. ಸಾಹೇಬರು ವಿಚಾರಣೆ ಮಾಡುತ್ತಾರಂತೆ. ಗುಂಡು ಹೊಡೆದಿದ್ದು ಸರಿ ಅಂತ ಅವರು ಬರೆದರೆ ಪಕೀರಪ್ಪ ಕೊಲೆಗಡುಕ ಅಂತಲೇ ಉಳಿಯುತ್ತಾನೆ, ಆದಪ್ಪ ಜೈಲಿನಲ್ಲೇ ಕೊಳೆಯುತ್ತಾನೆ. ವಕೀಲ ನರಸಣ್ಣನ ಹತ್ತಿರ ಇಂಗ್ಲಿಷಿನ ಕಾಗದ ಇದೆಯಂತೆ, ಓದಿ ಹೇಳುವವರು ಬೇಕಂತೆ. ಎರಡು ವರ್ಷ ರಾಯಚೂರು ಕಾಲೇಜಿನಲ್ಲಿ ಕೂತು ಬಂದವನು ಇಡೀ ಬಳಗದಲ್ಲಿ ನಾನೊಬ್ಬನೇ. ಆಮೇಲೆ ರೈಸ್ ಮಿಲ್ಲಿನಲ್ಲಿ ಚೀಲದ ಮೇಲೆ ನಂಬರ್ ಬರೆದದ್ದು ಬಿಟ್ಟರೆ ಇಂಗ್ಲಿಷ್ ಎಲ್ಲಿ ಬಂತು? ಅದನ್ನು ಆಕೆಗೆ ಹೇಳಲಿಲ್ಲ. ಓದಿ ಕೊಟ್ಟು ಬಂದುಬಿಡುತ್ತೇನೆ, ಅಷ್ಟೇ.

ಗುರುವಾರ, 4 ಆಗಸ್ಟ್

ಲಿಂಗಸುಗೂರು. ಮಸ್ಕಿಯಲ್ಲಿ ಬಸ್ ಬದಲಿಸಬೇಕಾಯಿತು. ಹಟ್ಟಿ ಗಣಿಗೆ ಪಾಳಿಗೆ ಹೋಗುವವರು ತುಂಬಿಕೊಂಡಿದ್ದರು, ಒಂಟಿ ಕಾಲಲ್ಲಿ ನಿಂತೇ ಹೋದೆ.

ನರಸಣ್ಣ ವಕೀಲ ಎಳೆ ವಯಸ್ಸಿನವನು, ಮಾತು ಮಾತ್ರ ಅಜ್ಜನಷ್ಟು. ಝೆರಾಕ್ಸ್ ಕಾಗದ ಕೊಟ್ಟ. ವಿಶ್ವಸಂಸ್ಥೆಯವರು ಸಾವಿರದ ಒಂಬೈನೂರ ತೊಂಬತ್ತರಲ್ಲಿ ಒಪ್ಪಿಕೊಂಡ ತತ್ವಗಳಂತೆ. ಪೊಲೀಸರು ಬಂದೂಕನ್ನು ಯಾವಾಗ ಎತ್ತಬಹುದು, ಯಾವಾಗ ಎತ್ತಬಾರದು.

"ನಮ್ಮ ಕಾಯ್ದೆದಾಗೂ ಇದರ ತಿರುಳು ಐತ್ರೀ" ಅಂದ. "ಗುಂಪು ಚದುರಸಾಕ ಎಷ್ಟು ಬೇಕೋ ಅಷ್ಟs ಬಲ ಹಾಕಬೇಕು ಅಂತ. ಆದ್ರ ಇದರಾಗ ಬಿಡಿಸಿ ಬಿಡಿಸಿ ಬರದಾರ. ಕನ್ನಡದಾಗ ಮಾಡಿಕೊಟ್ರ ಸಾಕ್ಷಿ ಹೇಳೋರಿಗೆ ಓದಿ ತಿಳಸ್ತೀನಿ. ತಮಗ ಏನು ಅನ್ಯಾಯ ಆಗೈತಿ ಅಂತ ಅವರಿಗೇ ಗೊತ್ತಿರಬೇಕಲ್ರೀ."

"ಎಸ್, ಎಸ್, ಆಫ್ ಕೋರ್ಸ್" ಅಂದುಬಿಟ್ಟೆ. ಎಲ್ಲಿಂದ ಬಂತೋ ಆ ಧೈರ್ಯ.

ಸೋಮವಾರ, 8 ಆಗಸ್ಟ್

ನಾಲ್ಕು ದಿನವೂ ಅದೇ ಕಾಗದ. ಇದನ್ನು ಒಪ್ಪಿಕೊಂಡಿದ್ದು ಹವಾನಾ ಅನ್ನುವ ಊರಿನಲ್ಲಂತೆ. ಮಸ್ಕಿಯ ಗುಡ್ಡದ ಕಲ್ಲಿನ ಮೇಲೆ ಆ ಕಾಲದ ರಾಜ ಜನರ ಮಾತಿನಲ್ಲೇ ಬರೆಸಿದ್ದನಂತೆ, ಇವರಿಗೆ ಅಷ್ಟೂ ತಿಳಿಯಲಿಲ್ಲ. ಒಂದು ವಾಕ್ಯ ಬೆಳಿಗ್ಗೆ ಹಿಡಿದರೆ ಮಧ್ಯಾಹ್ನವಾದರೂ ಬಾಲ ಸಿಗುವುದಿಲ್ಲ.

'ಸ್ಟ್ರಿಕ್ಟ್ಲಿ ಅನ್‌ಅವಾಯ್ಡಬಲ್.' ಇದೊಂದು ಗಂಟಲಲ್ಲಿ ಸಿಕ್ಕಿಕೊಂಡಿತು. 'ಕಟ್ಟುನಿಟ್ಟಾಗಿ ಅನಿವಾರ್ಯ' ಅಂತ ಬರೆದು ಖಾಜಾಸಾಬನಿಗೆ ಓದಿದೆ.

"ಏನು ಪಂಪಣ್ಣ, ಸರ್ಕಾರಿ ನೋಟೀಸು ಓದಿದಂಗ ಆತು. ಕೂಲಿ ಮಂದಿಗೆ ಹೇಳೋ ಹಂಗ ಹೇಳು."

ಕಡೆಗೆ ಹೀಗೆ ಬರೆದೆ: "ಬೇಕಂತ ಜೀವ ಹೋಗುವ ಹಾಗೆ ಗುಂಡು ಹೊಡೆಯುವುದು, ಒಂದು ಜೀವ ಉಳಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ."

ಖಾಜಾಸಾಬ್ ಸೌಟು ಕೆಳಗಿಟ್ಟ. "ಇನ್ನೊಮ್ಮೆ ಓದು" ಅಂದ. ಓದಿದೆ. ಪಕ್ಕದ ಮೇಜಿಗೆ ಕೂತಿದ್ದ ಲಾರಿ ಡ್ರೈವರನೂ ಮಿರ್ಚಿ ಬಿಟ್ಟು ಕೇಳಿದ. "ಅಷ್ಟ ಐತಿ ಅಂದ್ರ, ಆ ಸಾಹೇಬ್ರ ಜೀವಕ್ಕ ಏನಾಗಿತ್ತು?" ಅಂತ ಆ ಡ್ರೈವರನೇ ಕೇಳಿದ.

ಹೌದಲ್ಲ! ಎಲ್ಲ ಅಲ್ಲಿಗೇ ಬಂದು ನಿಲ್ಲುತ್ತದೆ. ಕೊಡಲಿ ಇತ್ತು ಅಂದರೆ ಆತನ ಜೀವಕ್ಕೆ ಅಪಾಯ ಇತ್ತು. ಇಲ್ಲ ಅಂದರೆ ಇಲ್ಲ.

ಬುಧವಾರ, 17 ಆಗಸ್ಟ್

ಎ.ಸಿ. ಆಫೀಸಿನಲ್ಲಿ ವಿಚಾರಣೆ ಶುರುವಾಯಿತು. ಎ.ಸಿ. ಸಾಹೇಬರು ಬಿಹಾರ ಕಡೆಯ ಹುಡುಗ, ಪುಸ್ತಕದ ಕನ್ನಡ ಕಲಿತಿದ್ದಾರೆ. ಸಾಕ್ಷಿಗಳೆಲ್ಲ ಹೊರಗೆ ಪಡಸಾಲೆಯಲ್ಲಿ. ಒಳಗೆ ನರಸಣ್ಣ, ಅವನ ಪಕ್ಕ ಕಾಗದ ಹಿಡಿದು ನಾನು. ನನ್ನ ಕನ್ನಡದ ಒಂದು ಪ್ರತಿಯನ್ನು ನರಸಣ್ಣ ಸಾಹೇಬರಿಗೂ ಕೊಟ್ಟ.

ಇನ್‌ಸ್ಪೆಕ್ಟರ್ ಬಂದು ಹೇಳಿಕೆ ಕೊಟ್ಟರು. ಬೂಟಿನ ಸಪ್ಪಳಕ್ಕೇ ಕುರ್ಚಿ ಹಿಂದೆ ಸರಿಸಿಕೊಂಡೆ. ಮೈಕಿನಲ್ಲಿ ಎಚ್ಚರಿಕೆ ಕೊಟ್ಟೆವು, ಗಾಳಿಯಲ್ಲಿ ಗುಂಡು ಹಾರಿಸಿದೆವು, ಪಕೀರಪ್ಪ ಕೊಡಲಿ ಬೀಸಿದ, ಬೀಸಿ ತಿರುಗಿದ, ಅದಕ್ಕೇ ಗುಂಡು ಬೆನ್ನಿಗೆ ಬಿತ್ತು. ನೀರು ಕುಡಿದ ಹಾಗೆ ಹೇಳಿದರು.

ಆಮೇಲೆ ಕೊಡಲಿ ತಂದು ಮೇಜಿನ ಮೇಲಿಟ್ಟರು. ಅರಗಿನ ಮೊಹರು, ಚೀಟಿ. ಕಾವಿನ ಕುತ್ತಿಗೆಗೆ ಮಣ್ಣು ಮೆತ್ತಿದ ಬಟ್ಟೆ ಸುತ್ತಿತ್ತು.

"ಈ ಬಟ್ಟೆ ಏನು?" ಎ.ಸಿ. ಕೇಳಿದರು.

"ಕೊಡಲಿಯ ತಲೆ ಸಡಿಲ ಇತ್ತು ಸರ್. ಜಾರಬಾರದು ಅಂತ ಆತನೇ ಬಿಗಿದಿದ್ದಾನೆ. ಪೂರ್ವತಯಾರಿ ಮಾಡಿಕೊಂಡೇ ಬಂದಿದ್ದ ಅನ್ನೋದಕ್ಕೆ ಅದೇ ಸಾಕ್ಷಿ."

ಮುನ್ಷಿ ಬರೆದುಕೊಂಡ. ನಾನು ಆ ಬಟ್ಟೆಯನ್ನೇ ನೋಡುತ್ತಿದ್ದೆ. ಎರಡು ಸುತ್ತು, ನಡುವೆ ಹುಣಸೆಬೀಜದಷ್ಟು ಉಬ್ಬು, ಮೇಲೆ ಎಡಕ್ಕೆ ತಿರುಗಿದ ಗಂಟು. ನರಸಣ್ಣ ಲಿಂಗಸುಗೂರಿನವನು, ಕರೇದಿನ್ನಿಯ ಪದ್ಧತಿ ಕೇಳಿದ್ದನೇ ಹೊರತು ಗಂಟು ನೋಡಿದವನಲ್ಲ. ಗದ್ದೆಮ್ಮ ಹೊರಗಿದ್ದಳು. ಆ ಕೋಣೆಯಲ್ಲಿ ಆ ಗಂಟು ಗೊತ್ತಿದ್ದವನು ನಾನೊಬ್ಬನೇ. ಎದ್ದು ಹೇಳಬೇಕಿತ್ತು. ಏಳಲಿಲ್ಲ.

ಶುಕ್ರವಾರ, 19 ಆಗಸ್ಟ್

ಈಳಗಿ ನೋಡಿದೆ. ಅದೇ ಗಂಟು.

ಒಳಗೆ ಏನಿದೆಯೋ ಗೊತ್ತಿಲ್ಲ. ಆಕೆ ಯಾವತ್ತೂ ನನ್ನ ಮುಂದೆ ಬಿಚ್ಚಲಿಲ್ಲ, ನಾನೂ ಕೇಳಲಿಲ್ಲ. ಒಮ್ಮೆ ಬಿಚ್ಚಿದರೆ ಮತ್ತೆ ಕಟ್ಟುವವಳಿಲ್ಲ.

ಖಾಜಾಸಾಬನಿಗೆ ಹೇಳಿದೆ. ಚಹಾದ ಗ್ಲಾಸು ತೊಳೆಯುತ್ತಲೇ ಅಂದ: "ಭಾಭಿ ಇದ್ದಿದ್ರ ಇಷ್ಟೊತ್ತಿಗೆ ಲಿಂಗಸುಗೂರಿಗೆ ಹೋಗಿ ಬಂದು, ನಿನಗ ರೊಟ್ಟಿನೂ ಬಡದು ಹಾಕತಿದ್ಲು. ನೀ ಇನ್ನೂ ಗೂಟ ನೋಡಕೋತ ಕುಂತೀ."

ಬುಧವಾರ, 24 ಆಗಸ್ಟ್

ಇವತ್ತಿನದನ್ನು ಕೂತಲ್ಲೇ ಬರೆದು ಮುಗಿಸಬೇಕು, ಒಂದೂ ಬಿಡಬಾರದು.

ಈಳಗಿಯನ್ನು ಕೈಚೀಲದಲ್ಲಿ ಹಾಕಿಕೊಂಡು ಮೊದಲ ಬಸ್ಸಿಗೆ ಹೊರಟೆ. "ಯಾರ ಮನಿ ಮದವಿ ಅಡಗಿಗೆ ಹೊಂಟೀರಿ ಯಜಮಾನ್ರ?" ಅಂತ ಕಂಡಕ್ಟರ್ ನಕ್ಕ. ಆಫೀಸಿನ ಬಾಗಿಲಲ್ಲಿ ಪೇದೆ ಚೀಲ ಮುಟ್ಟಿ ನೋಡಿ, "ಆಯುಧ ಐತಿ!" ಅಂತ ಕೂಗಿದ.

"ಹೌದಪ, ಬದನಿಕಾಯಿ ಕೊಲ್ಲೋ ಆಯುಧ. ಬೇಕಾದ್ರ ಪಂಚನಾಮಾ ಮಾಡು. ಗಂಟಿಗೆ ಮಾತ್ರ ಕೈ ಹಚ್ಚಬ್ಯಾಡ" ಅಂದೆ. ಪಡಸಾಲೆಯ ತುಂಬ ನಗು. ಬಿಟ್ಟ.

ಒಳಗೆ ಹೋಗುವ ಮೊದಲೇ ನರಸಣ್ಣನಿಗೆ ಎಲ್ಲ ಹೇಳಿದೆ. ಅವನ ಕಣ್ಣು ಅಗಲವಾದವು. ಹೋದವನೇ ಎ.ಸಿ. ಸಾಹೇಬರ ಅಪ್ಪಣೆ ಪಡೆದು ಇನ್‌ಸ್ಪೆಕ್ಟರನನ್ನು ಮೆಲ್ಲಗೆ ಕೇಳಿದ.

"ಈ ಬಟ್ಟೆ ಸತ್ತವನೇ ಬಿಗಿದಿದ್ದಲ್ಲವೇ?"

"ಹೌದು. ಹೋದ ಸಲವೇ ಹೇಳಿದ್ದೇನೆ."

"ತಲೆ ಸಡಿಲ ಇತ್ತು ಅಂತ?"

"ಹೌದು."

"ಜಪ್ತಿ ಆದಮೇಲೆ ಯಾರಾದರೂ ಮುಟ್ಟಿದ್ದಾರೆಯೇ?"

"ನನ್ನದೇ ಮೊಹರು ಇದೆ. ಯಾರೂ ಮುಟ್ಟಿಲ್ಲ."

"ಸಾಕು" ಅಂದ ನರಸಣ್ಣ. ಗದ್ದೆಮ್ಮನನ್ನು ಕರೆಸಿದರು. ಬೆನ್ನು ಬಾಗಿದ ಮುದುಕಿ, ಕೊರಳಲ್ಲಿ ಕವಡೆ. ಕೊಡಲಿ ನೋಡಿದ್ದೇ ತಡ, "ಅಯ್ಯ! ನನ್ನ ಗಂಟು!" ಅಂತ ಚೀರಿದಳು. ವಾರದ ಪದ್ಧತಿ ಹೇಳಿದಳು. ಆ ಸೋಮವಾರ ಸಂಜೆ ಕಟ್ಟೆಯ ಮೇಲೆ ಎಲ್ಲರ ಕಬ್ಬಿಣಕ್ಕೂ ತಾನೇ ಕಟ್ಟಿದ್ದು, ಒಳಗೆ ಒಂದು ಬೇವಿನೆಲೆ, ಚಿಟಿಕೆ ಅರಿಶಿಣ, ನಾಲ್ಕು ಕಾಳು ಜೋಳ ಇಟ್ಟಿರುತ್ತೇನೆ ಅಂದಳು. ಎ.ಸಿ. ಸಾಹೇಬರು ಅದನ್ನು ಬರೆಸಿ, ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡರು.

ಇನ್‌ಸ್ಪೆಕ್ಟರ್ ನಕ್ಕ. "ಸರ್, ಇವರೆಲ್ಲ ಸೇರಿ ಈಗ ಕಟ್ಟಿದ ಕಥೆ ಇದು. ಇಂಥ ಪದ್ಧತಿ ಈ ಸೀಮೆಯಲ್ಲೇ ಇಲ್ಲ."

ಆಗ ನಾನು ಎದ್ದೆ. ಕಾಲೇಜಿನಲ್ಲಿ ಕಲಿತದ್ದೆಲ್ಲ ಒಮ್ಮೆಗೇ ಬಾಯಿಗೆ ಬಂದು ಸಿಕ್ಕಿಕೊಂಡಿತು. "ಸರ್, ಮೈ ವೈಫ್ ಈಸ್ ಲೇಟ್. ಲಾಸ್ಟ್ ಇಯರ್ ಶಿ ಎಕ್ಸ್‌ಪೈರ್ಡ್. ಹರ್ ಟೈಯಿಂಗ್ ಈಸ್ ಸ್ಟಿಲ್ ಅಲೈವ್ ಸರ್." ಚೀಲದಿಂದ ಈಳಗಿ ತೆಗೆದು ಮೇಜಿನ ಮೇಲಿಟ್ಟೆ. ಜೇಡರ ಬಲೆ ಇನ್ನೂ ಹಂಗೇ ಇತ್ತು, ಅಡುಗೆಮನೆಯ ಹೊಗೆಯ ಕಪ್ಪು ಗಂಟಿನ ಮಡಿಕೆಗಳಲ್ಲಿ ಕೂತಿತ್ತು. ಮುಂದಿನದನ್ನು ಕನ್ನಡದಲ್ಲೇ ಹೇಳಿದೆ. ಅದು ನೆಟ್ಟಗೆ ಬಂತು.

ಸಾಹೇಬರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಅದೇ ಎರಡು ಸುತ್ತು. ಅದೇ ಎಡಕ್ಕೆ ತಿರುಗಿದ ಗಂಟು. "ಮೊದಲು ಇದನ್ನು ಬಿಚ್ಚಿ ನೋಡಬಹುದೇ?" ಅಂತ ನನ್ನನ್ನು ಕೇಳಿದರು. ನನ್ನನ್ನು ಕೇಳಿದರು!

"ಬಿಚ್ಚಿಸ್ರಿ ಸರ್" ಅಂದೆ.

"ಕಟ್ಟಿದಾಕಿ ಇಲ್ಲ" ಅಂದಳು ಗದ್ದೆಮ್ಮ. "ದ್ಯಾವಮ್ಮನ ಹೆಸರ್ಲೆ ನಾ ಬಿಚ್ತೀನಿ. ಪಾರ್ವತೆಮ್ಮ ನಮ್ಮ ಊರ ಮಗಳು, ಸಿಟ್ಟಾಗಂಗಿಲ್ಲ."

ಬಿಚ್ಚಿದಳು. ಒಣಗಿ ಪುಡಿಯಾದ ಬೇವಿನೆಲೆ, ಅರಿಶಿಣ, ನಾಲ್ಕು ಕಾಳು ಜೋಳ.

ಆಮೇಲೆ ಸಾಹೇಬರು ಕೊಡಲಿಯ ಮೊಹರು ತಾವೇ ಒಡೆದರು. ಗದ್ದೆಮ್ಮ ತನ್ನ ಗಂಟನ್ನು ತಾನೇ ಬಿಚ್ಚಿದಳು. ಬೇವಿನೆಲೆ. ಅರಿಶಿಣ. ಜೋಳ ಬಿಳಿ ಕಾಗದದ ಮೇಲೆ ಉರುಳಿತು. ಒಂದು ಕಾಳು ಉರುಳುತ್ತಾ ಹೋಗಿ ಇನ್‌ಸ್ಪೆಕ್ಟರನ ಟೊಪ್ಪಿಗೆಗೆ ತಾಗಿ ನಿಂತಿತು.

ಸಾಹೇಬರು ಬಟ್ಟೆಯಿಲ್ಲದ ಕೊಡಲಿಯನ್ನು ಎತ್ತಿ ಜೋರಾಗಿ ಅಲ್ಲಾಡಿಸಿದರು. ತಲೆ ಕದಲಲಿಲ್ಲ. ಮೇಜಿಗೆ ಕುಟ್ಟಿದರು. ಕದಲಲಿಲ್ಲ.

"ಇದು ಸಡಿಲ ಎಲ್ಲಿದೆ?"

ಇನ್‌ಸ್ಪೆಕ್ಟರ್ ಟೊಪ್ಪಿಗೆ ಹತ್ತಿರಕ್ಕೆ ಎಳೆದುಕೊಂಡ. ಅಷ್ಟರಲ್ಲಿ ಹಿಂದೆ ನಿಂತಿದ್ದ ಪೇದೆ ದ್ಯಾವಪ್ಪ ಅನ್ನುವವನು, ಆಗ ಬಾಗಿಲಲ್ಲಿ ನನ್ನ ಚೀಲ ಹಿಡಿದಿದ್ದನಲ್ಲ ಅವನೇ, ಬಂದು ಗದ್ದೆಮ್ಮನ ಕಾಲಿಗೆ ಬಿದ್ದ. "ನನಗ ಗೊತ್ತಿರಲಿಲ್ಲ ತಾಯಿ, ದ್ಯಾವಮ್ಮಂದು ಅಂತ. ಒಂದು ಕೊಡ್ಲಿ ತಗೊಂಡು ಬಾ ಅಂತ ಹುಕುಂ ಆತು, ಕಟ್ಟಿ ಮ್ಯಾಲಿಂದ ತಂದೆ. ಆಗಲೇ ಆ ಮನಷ್ಯಾ ಸತ್ತು ತಾಸಾಗಿತ್ತು."

ಗದ್ದೆಮ್ಮ ಕಾಲು ಹಿಂದೆಳೆದುಕೊಂಡಳು. "ನನಗ್ಯಾಕ ಹೇಳ್ತೀ? ಹೊರಗ ಗ್ಯಾನವ್ವ ಕುಂತಾಳ. ಆಕೀ ಮುಂದ ನಿಂತು ಹೇಳು."

ಹೇಳಿದ. ಸಾಹೇಬರು ಆಕೆಯನ್ನು ಒಳಗೆ ಕರೆಸಿ, ಎಲ್ಲರ ಮುಂದೆ ಇನ್ನೊಮ್ಮೆ ಹೇಳಿಸಿ ಬರೆಸಿಕೊಂಡರು. ಗ್ಯಾನಮ್ಮ ಅಳಲಿಲ್ಲ. ಸೆರಗು ಸರಿ ಮಾಡಿಕೊಂಡು ನೆಟ್ಟಗೆ ನಿಂತು ಪೂರ್ತಿ ಕೇಳಿದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಕರೇದಿನ್ನಿಯವರದೇ ಗದ್ದಲ. ಮಸ್ಕಿಯಲ್ಲಿ ಎಲ್ಲರಿಗೂ ಚಹಾ. "ಮಾವನ ಇಂಗ್ಲಿಷಿಗೆ ಸಾಹೇಬ್ರು ಬೆವತ್ರು" ಅಂತ ಯಾರೋ ಅಂದರು. "ನನಗs ತಿಳಿಲಿಲ್ಲ, ಅವರಿಗೆ ಹ್ಯಾಂಗ ತಿಳೀಬೇಕು?" ಅಂದೆ. ನಕ್ಕು ನಕ್ಕು ಗದ್ದೆಮ್ಮನ ಕವಡೆ ಕುಣಿದವು.

ಮನೆಗೆ ಬರುವ ದಾರಿಯಲ್ಲಿ ಬದನೆಕಾಯಿ ತಂದೆ. ಹೆಚ್ಚಿದೆ. ಈಳಗಿ ಇನ್ನೂ ಹರಿತ ಇದೆ. ಪಲ್ಯಕ್ಕೆ ಉಪ್ಪು ಜಾಸ್ತಿಯಾಯಿತು, ಪೂರ್ತಿ ತಿಂದೆ.

ಶನಿವಾರ, 10 ಸೆಪ್ಟೆಂಬರ್

ಆದಪ್ಪನಿಗೆ ಬೇಲ್ ಆಯಿತು. ಜೈಲಿನ ಬಾಗಿಲಿಗೆ ನಾನೇ ಹೋಗಿದ್ದೆ. ಇಳಿದು ಹೋಗಿದ್ದಾನೆ. "ಉಂಡೀಯೇನಲೇ?" ಅಂದೆ. ಇಲ್ಲ ಅಂದ. ಮನೆಗೆ ಕರೆತಂದು ರೊಟ್ಟಿ ಬಡಿದೆ. ಭೂಪಟದ ಹಾಗೆ ಬಂದವು. ಒಂದೂ ಬಿಡಲಿಲ್ಲ ಅವನು.

ಬುಧವಾರ, 23 ನವೆಂಬರ್

ಆಯಿತು! ಎ.ಸಿ. ಸಾಹೇಬರ ವರದಿ ಬಂತು. ನರಸಣ್ಣ ಕರೇದಿನ್ನಿಗೇ ತಂದು ದ್ಯಾವಮ್ಮನ ಕಟ್ಟೆಯ ಮುಂದೆ ಓದಿದ. ಪಕೀರಪ್ಪನ ಕೈಯಲ್ಲಿ ಕೊಡಲಿ ಇರಲಿಲ್ಲ. ಎಚ್ಚರಿಕೆ ಕೊಡಲಿಲ್ಲ. ಅಲ್ಲಿ ಯಾರ ಜೀವಕ್ಕೂ ಅಪಾಯ ಇರಲಿಲ್ಲ. ಗುಂಡು ಹೊಡೆದದ್ದು ನ್ಯಾಯವಲ್ಲ. ಆದಪ್ಪನ ಮೇಲಿನ ಕೇಸು ಸುಳ್ಳು. ಇನ್‌ಸ್ಪೆಕ್ಟರ್ ಅಮಾನತಾಗಿದ್ದಾನೆ, ಅವನ ಮೇಲೆ ಕೊಲೆ ಕೇಸು ಹಾಕಿದ್ದಾರೆ.

ವರದಿಯ ನಡುವೆ ಒಂದು ಸಾಲು ಇಂಗ್ಲಿಷಿನಲ್ಲಿ, ಅದರ ಕೆಳಗೆ ಕನ್ನಡದಲ್ಲಿ. ನರಸಣ್ಣ ಅಲ್ಲಿ ನಿಲ್ಲಿಸಿ ನನ್ನ ಕೈಗೆ ಕೊಟ್ಟ. "ಇದು ನೀವs ಓದ್ರಿ." ನೋಡಿದೆ. 'ಒಂದು ಜೀವ ಉಳಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ.' ನನ್ನ ಸಾಲು! ಒಂದಕ್ಷರ ತಿದ್ದಿಲ್ಲ. ಜೋರಾಗಿ ಓದಿದೆ. ಇನ್ನೊಮ್ಮೆ ಓದ್ರಿ ಅಂದರು, ಓದಿದೆ. ಮಕ್ಕಳು ಬಾಯಿಪಾಠ ಮಾಡಿಕೊಂಡು ಓಣಿಯ ತುಂಬ ಕೂಗಿಕೊಂಡು ಓಡಿದವು. ಹಲಗೆ ಬಾರಿಸಿದರು. ಗದ್ದೆಮ್ಮ ಕುಣಿದಳು, ನನ್ನನ್ನೂ ಎಳೆದರು. ಮೊಣಕಾಲು ಏನೂ ಅನ್ನಲಿಲ್ಲ.

ಗದ್ದಲ ಇಳಿದಮೇಲೆ ಗ್ಯಾನಮ್ಮ ಬಂದು ಪಕ್ಕದಲ್ಲಿ ಕೂತಳು.

"ನಿಮ್ಮ ಕೊಡ್ಲಿ ಸದ್ಯ ಬರಂಗಿಲ್ಲ ಬೇ" ಅಂದೆ. "ಕೇಸು ಮುಗಿಯೋ ತನಕ ಕೋರ್ಟಿನಾಗs ಇರ್ತೈತಿ. ಬ್ಯಾರೇದು ತಗೋಬೇಕು."

"ಇರ್ಲಿ ಬಿಡ್ರಿ ಮಾವ" ಅಂದಳು. "ನನ್ನ ಗಂಡನ ಕೈಯಾಗಿಂದ ಬಿಡಿಸಿದ್ರಲ್ಲ. ಇನ್ನ ಅದು ಆ ಇನ್‌ಸ್ಪೆಕ್ಟರನ ಕೈಯಾಗ ಐತಿ. ಬಿಡಿಸ್ಕೊಳ್ಳಲಿ ನೋಡೋಣು."

ಸೋಮವಾರ, 3 ಜುಲೈ 1995

ಬಹಳ ದಿನದಿಂದ ಬರೆದಿಲ್ಲ, ಪುರಸೊತ್ತೇ ಇಲ್ಲ. ಆ ಕಾಗದದ ಕನ್ನಡ ಬೇಕು ಅಂತ ಸಂತೆಕಲ್ಲೂರಿನಿಂದ ಮಂದಿ ಬಂದಿದ್ದರು. ಶುಕ್ರವಾರ ಹಟ್ಟಿಗೆ ಹೋಗಿ ಓದಬೇಕು.

ನಾಳೆ ಕರೇದಿನ್ನಿಯ ಮೊದಲನೆಯ ವಾರ. ಸಂಜೆ ಈಳಗಿ ತೊಳೆದು, ಬೇವಿನೆಲೆ, ಅರಿಶಿಣ, ನಾಲ್ಕು ಕಾಳು ಜೋಳ ಇಟ್ಟು ಬಟ್ಟೆ ಕಟ್ಟಿದೆ. ಗಂಟು ಬಲಕ್ಕೆ ತಿರುಗಿತು, ಬಿಚ್ಚಿ ಮತ್ತೆ ಕಟ್ಟಿದೆ. ನಾಳೆ ರೊಟ್ಟಿ ಇಲ್ಲ, ವಗ್ಗರಣಿ ಎತ್ತಿಡು ಅಂತ ಖಾಜಾಸಾಬನಿಗೂ ಹೇಳಿಬಂದೆ.

ಕಟ್ಟಿದ ಕೈಯೇ ಬಿಚ್ಚಬೇಕು. ಬುಧವಾರ ಬೆಳಿಗ್ಗೆ ನಾನು ಇರಬೇಕು. ಇರ್ತೀನಿ.